ಕೆಂಪುಮೂತಿಯ ನೀರು

ಸಗಿನ್‌ಬಾಯ್‌ನನ್ನು ಮನೆಗೆ ತಂದದ್ದು ಮೀನು ಹೇರುವ ಜಾರುಬಂಡಿಯಲ್ಲಿ. ಹೊದಿಸಿದ್ದ ಗೋಣಿತಾಟು ಎತ್ತಿದಾಗ ಹೆಂಡತಿ ಕಮ್‌ಶಾತ್‌ಗೆ ಮೊದಲು ಕಂಡದ್ದು ಅವನ ಮುಖವಲ್ಲ, ಬಲಗಾಲು. ಮೊಣಕಾಲಿನಿಂದ ಕೆಳಗೆ ಅದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಹೆಪ್ಪುಗಟ್ಟಿದ ಸಮುದ್ರಕ್ಕೆ ತೂತು ಕೊರೆಯುವ ಕಬ್ಬಿಣದ ಹಾರೆಯಿಂದ ಹೊಡೆದಿದ್ದರು. ಒಂದೇ ಏಟಿಗೆ ಮುರಿದಿದ್ದ ಮೂಳೆಯ ಮೇಲೆ ಮತ್ತೆ ಮತ್ತೆ ಹೊಡೆದಿದ್ದರು.

"ಯಾರು?" ಎಂದಳು ಅತ್ತೆ ಕಲಂಪಿರ್.

ಬಂಡಿ ಎಳೆದು ತಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಜಾರಿ ಬಿದ್ದ ಆಪಾ," ಎಂದ ಅವರಲ್ಲೊಬ್ಬ.

"ನಿಮ್ಮಪ್ಪ ಜಾರಿ ಬಿದ್ದ. ಯಾರು ಅಂತ ಕೇಳ್ದೆ ನಾನು."

ಬಂಡಿಯಲ್ಲಿ ಮಲಗಿದ್ದವನೇ ಹಲ್ಲು ಕಚ್ಚಿಕೊಂಡು ಹೇಳಿದ: "ಎಸ್ಬೋಲ್. ತಿಲೆಕ್ ನನ್ನನ್ನ ಅದುಮಿ ಹಿಡ್ಕೊಂಡಿದ್ದ."

ಎಸ್ಬೋಲ್ ಮತ್ತು ಅವನ ತಮ್ಮ ತಿಲೆಕ್ ಹೊರಗಿನವರೇನಲ್ಲ. ಅದೇ ಕೋಕ್‌ಜಾರ್ ಊರಿನವರು, ಅದೇ ಕುಲದವರು, ಮೂರು ಮನೆ ಆಚೆಯವರು. ಎಸ್ಬೋಲ್ ವಯಸ್ಸಿನಲ್ಲಿ ಸಗಿನ್‌ಬಾಯ್‌ಗಿಂತ ಹಿರಿಯನಾದ್ದರಿಂದ ಕಮ್‌ಶಾತ್ ಅವನ ಹೆಸರು ಹೇಳುವಂತಿರಲಿಲ್ಲ. ಗಂಡನ ಕುಲದ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಮದುವೆಯಾಗಿ ಬಂದ ದಿನದಿಂದ ಅವಳು ಅವನನ್ನು 'ನೀಲಿ ಬಾಗಿಲ ಆಗಾ', ಅಂದರೆ ನೀಲಿ ಬಾಗಿಲಿನ ಅಣ್ಣ, ಎಂದೇ ಕರೆಯುತ್ತಿದ್ದಳು. ಅವನ ಮನೆಬಾಗಿಲು ನೀಲಿ ಬಣ್ಣದ್ದು. ಗಂಡನ ಕಾಲಿಗೆ ಹಲಗೆ ಕಟ್ಟುತ್ತ, ಅವನ ಕೂಗು ಕೇಳುತ್ತ, ಆ ಹೆಸರು ಅವಳ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಯಿತು.

ಪಟ್ಟಣದಿಂದ ಪೊಲೀಸಿನವನು ಬಂದ. ಚಹಾ ಕುಡಿದ. ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಆ ದಿನ ಊರಿಗೆ ಊರೇ ಕುರುಡಾಗಿತ್ತು. ದಾಯಾದಿಗಳ ಜಗಳ, ನಿಮ್ಮ ಹಿರಿಯರೇ ಕೂತು ಬಗೆಹರಿಸಿಕೊಳ್ಳಿ ಎಂದು ಹೇಳಿ ಜೀಪು ಹತ್ತಿದ. ಹಿರಿಯರೂ ಕೂತರು. ಮಾಂಸ ತಿಂದು ಎದ್ದರು.

ಜಗಳ ಹುಟ್ಟಿದ್ದು ಕೆಂಪುಮೂತಿಗೆ. ಸಮುದ್ರದೊಳಕ್ಕೆ ಚಾಚಿಕೊಂಡ ಕೆಂಪು ಮಣ್ಣಿನ ದಿಬ್ಬ ಅದು. ಅದರ ಮರೆಯ ನೀರಿನಲ್ಲಿ ಶರತ್ಕಾಲ ಬಂತೆಂದರೆ ಕೋಕ್‌ಸೆರ್ಕೆ ಮೀನು ಹಿಂಡುಗಟ್ಟಿ ನಿಲ್ಲುತ್ತದೆ. ಬಲೆ ಹಾಕುವ ಜಾಗಗಳಿಗೆ ಊರವರು ಚೀಟಿ ಎತ್ತಿದಾಗ ಆ ನೀರು ಸಗಿನ್‌ಬಾಯ್‌ಗೆ ಬಂತು. ಎಸ್ಬೋಲ್‌ಗೆ ಬಂದದ್ದು ಹೊಂಡದಂಥ ಜಾಗ, ಜೊಂಡು ಬಿಟ್ಟರೆ ಅಲ್ಲಿ ಇನ್ನೇನೂ ಇಲ್ಲ. "ನಮ್ಮಜ್ಜ ಬಲೆ ಹಾಕಿದ ನೀರು ಅದು. ಒಂಟೆ ಕಾಯೋನಿಗೆ ಯಾಕೆ ಬೇಕು?" ಎನ್ನುತ್ತ ಓಡಾಡಿದ. ಮೊದಲು ಬಾಯಲ್ಲಿ ಅಂದ. ಆಮೇಲೆ ಬಲೆ ಕುಯ್ದ. ಕೊನೆಗೆ ಹಾರೆ ಎತ್ತಿದ.

ಒಂಟೆ ಕಾಯೋನು ಎಂದದ್ದರಲ್ಲಿ ಸುಳ್ಳೇನಿರಲಿಲ್ಲ. ಕಮ್‌ಶಾತ್ ಹುಟ್ಟುವ ಹೊತ್ತಿಗೇ ಸಮುದ್ರ ಊರು ಬಿಟ್ಟು ಹೋಗಲು ಶುರುವಾಗಿತ್ತು. ಅವಳು ನಡೆಯಲು ಕಲಿತದ್ದು ಒಣಗಿದ ತಳದ ಮೇಲೆ. ಆಟವಾಡಿದ್ದು ಮರಳಿನಲ್ಲಿ ವಾಲಿ ನಿಂತ ಹಡಗುಗಳ ಹೊಟ್ಟೆಯೊಳಗೆ. ಬೆಸ್ತರ ಮಕ್ಕಳು ಒಂಟೆ ಕಾಯುವವರಾದರು, ಬೆಸ್ತರ ಹೆಣ್ಣುಮಕ್ಕಳು ಒಂಟೆ ಹಾಲು ಕರೆಯುವವರಾದರು. ಉಪ್ಪು ಧೂಳಿನ ಗಾಳಿ ಎದ್ದರೆ ಚಹಾದ ಬಟ್ಟಲಿನ ಮೇಲೆ ಬೆಳ್ಳಗೆ ಕೆನೆ ಕಟ್ಟುತ್ತಿತ್ತು. ಸಮುದ್ರದ ಈ ಭಾಗದ ನೀರು ಹರಿದುಹೋಗದಂತೆ ಅಣೆಕಟ್ಟು ಎದ್ದು, ನೀರು ಊರಿನ ಕಡೆ ಮರಳಿ ಬಂದಾಗ ಅವಳಿಗೆ ನಡುವಯಸ್ಸು. ಮುದುಕರು ದಂಡೆಯಲ್ಲಿ ಕೂತು ಅತ್ತರು. ಕಮ್‌ಶಾತ್‌ಗೆ ಅಳು ಬರಲಿಲ್ಲ, ಭಯವಾಯಿತು. ಮಂಡಿಗಿಂತ ಆಳದ ನೀರಿಗೆ ಅವಳು ಕಾಲಿಟ್ಟವಳಲ್ಲ.

ಸಗಿನ್‌ಬಾಯ್ ಮಾತ್ರ ಹುಚ್ಚನಂತೆ ದೋಣಿ ಕೊಂಡ, ಹಳೆಯದೊಂದು ರಷ್ಯನ್ ಮೋಟಾರು ಸಿಕ್ಕಿಸಿದ, ಎರಡು ವರ್ಷ ಬಿದ್ದು ಎದ್ದು ಕೆಲಸ ಕಲಿತ. ಈಗ ಆ ದೋಣಿ ಅಂಗಳದಲ್ಲಿ ಬೋರಲು ಬಿದ್ದಿತ್ತು. ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡು ಸಗಿನ್‌ಬಾಯ್ ಕಂಕುಳಿಗೆ ಊರುಗೋಲು ಸಿಕ್ಕಿಸಿಕೊಂಡ. ಬೇಸಿಗೆಯಿಡೀ ಗೋಡೆಗೆ ಮುಖ ಮಾಡಿ ಮಲಗಿದ.

ಶರತ್ಕಾಲ ಮುಗಿಯುತ್ತ ಬಂದಾಗ ಬೆಸ್ತರ ಮುಖಂಡ ಜೋಲ್ದಾಸ್ ಬಂದು ಬಾಗಿಲಲ್ಲೇ ನಿಂತ. ಒಳಗೆ ಕರೆದರೂ ಬರಲಿಲ್ಲ.

"ಈ ಸಲಾನೂ ಕೆಂಪುಮೂತಿಲಿ ನಿಮ್ಮ ಬಲೆ ಬೀಳದಿದ್ರೆ ಆ ಜಾಗ ಬೇರೆಯವ್ರಿಗೆ ಹೋಗುತ್ತೆ. ನಾನು ಮಾಡಿದ ಕಾನೂನಲ್ಲ, ಬೈಬೇಡಿ."

"ಬೇರೆಯವ್ರು ಅಂದ್ರೆ ಯಾರು ಅಂತ ಹೇಳೋಕೂ ನಿಂಗೆ ಬಾಯಿಲ್ವಾ?" ಎಂದಳು ಕಲಂಪಿರ್.

ಜೋಲ್ದಾಸ್ ಟೋಪಿ ಸರಿಮಾಡಿಕೊಂಡು ಹೊರಟುಹೋದ. ಒಳಗೆ ಕಮ್‌ಶಾತ್ ಹಿಟ್ಟು ನಾದುತ್ತಿದ್ದಳು. ನಾದುತ್ತಲೇ, ತಲೆ ಎತ್ತದೆ ಹೇಳಿದಳು: "ನಾನು ಹೋಗ್ತೀನಿ."

ಗೋಡೆಯ ಕಡೆಯಿಂದ ಬಟ್ಟಲು ಹಾರಿ ಬಂತು. ಅವಳ ಕಿವಿಯ ಪಕ್ಕ ಒಲೆಗೆ ಬಡಿದು ಚೂರಾಯಿತು. "ದೋಣಿಗೆ ಹೆಂಗಸಿನ ಕಾಲು ತಾಗಿದ್ರೆ ಬೆಂಕಿ ಹಾಕಿ ಸುಟ್ಟುಬಿಡ್ತೀನಿ!" ಎಂದು ಸಗಿನ್‌ಬಾಯ್ ಅರಚಿದ. "ಊರು ನಗಬೇಕಾ? ಕುಂಟ ಮನೇಲಿ, ಹೆಂಡ್ತಿ ನೀರಲ್ಲಿ ಅಂತ?"

"ಊರು ಈಗ ಅಳ್ತಾ ಇದ್ಯಾ?" ಎಂದಳು ಕಲಂಪಿರ್. "ನಿನ್ನನ್ನ ಹೊಟ್ಟೇಲಿಟ್ಕೊಂಡೇ ನಾನು ಮಹಿಳಾ ತಂಡದ ದೋಣೀಲಿ ಬಲೆ ಎಳೆದಿದ್ದು. ಆಗ ತಾಗಿತ್ತು ಕಣೋ ಕಾಲು, ನಂದೂ ನಿಂದೂ. ಯಾರೂ ದೋಣಿ ಸುಡ್ಲಿಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, "ನೀನೊಬ್ಬಳೇ ಹೋದ್ರೆ ಅಂಗಳ ದಾಟೋಕೆ ಮುಂಚೆ ಮುಳುಗ್ತೀಯಾ. ನಾನೂ ಬರ್ತೀನಿ," ಎಂದಳು.

ಎಪ್ಪತ್ತು ದಾಟಿದ ಆ ಮುದುಕಿಗೆ ಮಗನ ಕಾಲು ಮುರಿದ ದಿನದಿಂದ ನಿದ್ದೆ ಇರಲಿಲ್ಲ. ಅವಳು ಬರುತ್ತಿರುವುದು ಬಲೆ ಹಾಕುವುದಕ್ಕಷ್ಟೇ ಅಲ್ಲ ಎನ್ನುವುದು ಕಮ್‌ಶಾತ್‌ಗೆ ಆಗ ಹೊಳೆಯಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ದೋಣಿಗೆ ಹಗ್ಗ ಕಟ್ಟಿ ಹೆಣ್ಣೊಂಟೆಯಿಂದ ಎಳೆಸಿದರು. ದಂಡೆಯ ಕೆಸರಲ್ಲಿ ಒಂಟೆ ಸಿಕ್ಕಿಕೊಂಡು ಗೋಳಾಡಿತು. ಕಮ್‌ಶಾತ್ ಅದರ ಬಾಲದ ಬುಡಕ್ಕೆ ಹೆಗಲು ಕೊಟ್ಟು ನೂಕಿದಳು. ದೋಣಿ ನೀರು ಮುಟ್ಟಿದ್ದೇ ತಡ, ಅದು ವಸ್ತುವಿನಂತೆ ಇರಲಿಲ್ಲ. ಹಗ್ಗ ಬಿಚ್ಚಿದ ಮರಿ ಒಂಟೆಯಂತೆ ಅಲ್ಲಾಡತೊಡಗಿತು. ಹತ್ತಲು ಹೋಗಿ ಅವಳು ಮುಗ್ಗರಿಸಿ ಬಿದ್ದಳು. ಮೊಣಕೈ ಸಿಪ್ಪೆ ಎದ್ದಿತು.

ಮೋಟಾರು ಇನ್ನೂ ಕೆಟ್ಟದ್ದು. ದಾರ ಎಳೆದಳು, ಕೆಮ್ಮಿತು. ಎಳೆದಳು, ಕೆಮ್ಮಿತು.

"ಹಾಲು ಕರೆಯೋ ಹಂಗೆ ಎಳೀತಾ ಇದೀಯಲ್ಲೇ," ಎಂದಳು ಅತ್ತೆ. "ಸವತಿ ಜಡೆ ಹಿಡ್ಕೊಂಡಿದೀನಿ ಅಂದ್ಕೋ."

ಕಮ್‌ಶಾತ್ ಮೈಯೆಲ್ಲ ಹಾಕಿ ಎಳೆದಳು. ಮೋಟಾರು ಒದೆಯಿತು. ದಾರದ ತುದಿಯ ಮರದ ಹಿಡಿ ಚಿಮ್ಮಿ ಅವಳ ಬಾಯಿಗೇ ಬಡಿಯಿತು. ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ಆದರೆ ಮೋಟಾರು ಹತ್ತಿಕೊಂಡಿತ್ತು. ಅವಳು ಉಗುಳಿ, ತಲೆವಸ್ತ್ರ ಬಿಗಿದುಕೊಂಡು ಚುಕ್ಕಾಣಿ ಹಿಡಿದಳು.

ದಂಡೆ ಮರೆಯಾಗುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಬಡಗಣ ಗಾಳಿ ಸಿಕ್ಕಿತು. ಅಲೆಗಳು ದೊಡ್ಡವೇನಲ್ಲ, ಗಿಡ್ಡ ಅಲೆಗಳು. ಒಂದರ ಬೆನ್ನಿಗೆ ಒಂದು ಬಂದು ದೋಣಿಯ ಕೆನ್ನೆಗೆ ರಪರಪ ಹೊಡೆಯುತ್ತಿದ್ದವು. ಪ್ರತಿ ಹೊಡೆತಕ್ಕೂ ಅವಳ ಬೆನ್ನುಮೂಳೆ ನೆತ್ತಿಯವರೆಗೆ ಅದುರುತ್ತಿತ್ತು. ಬೆಳಿಗ್ಗೆ ಕುಡಿದ ಚಹಾ, ತಿಂದ ಕರಿದ ಬೌರ್ಸಾಕ್ ರೊಟ್ಟಿ ಎಲ್ಲ ಗಂಟಲಿಗೆ ಬಂತು.

"ಕಕ್ಕು ಕಕ್ಕು, ಮೀನಿಗೂ ತಿಂಡಿ ಬೇಕಲ್ಲ. ಗಾಳಿಗೆ ಎದುರಾಗಿ ಬೇಡ ಕತ್ತೆ, ನನ್ನ ಮುಖಕ್ಕೆ ಬರುತ್ತೆ! ಅಲೆಗೆ ಮೈಕೊಡ್ಬೇಡ, ಮುಂದಿನ ತುದಿ ಕೊಡು. ಹಂಗೆ. ಗಂಡಸ್ರ ಹತ್ರ ಮಾತಾಡೋ ಹಂಗೆ, ಓರೆಯಾಗಿ ಹೋಗು."

ಕಮ್‌ಶಾತ್‌ಗೆ ನಗು ಬಂತು. ವಾಂತಿಯ ನಡುವೆಯೂ ನಗು ಬಂತು. ಭಯ ಇತ್ತು, ಆದರೆ ಅದರೊಳಗೆ ಇನ್ನೊಂದು ಏನೋ ಇತ್ತು. ಕೈಕೆಳಗೆ ಮೋಟಾರು ನಡುಗುತ್ತಿತ್ತು, ತಾನು ತಿರುಗಿಸಿದ ಕಡೆ ದೋಣಿ ತಿರುಗುತ್ತಿತ್ತು. ಇಷ್ಟು ವರ್ಷ ಯಾವುದೂ ಅವಳು ತಿರುಗಿಸಿದ ಕಡೆ ತಿರುಗಿರಲಿಲ್ಲ.

ಕೆಂಪುಮೂತಿಯ ಮರೆಗೆ ಬಂದಾಗ ಅಲೆ ತಗ್ಗಿತು. ಅಲ್ಲಿ ಆಗಲೇ ಬೆಂಡುಗಳು ತೇಲುತ್ತಿದ್ದವು. ಸಾಲುಸಾಲಾಗಿ, ನೀಲಿ ಬಣ್ಣ ಬಳಿದ ಬೆಂಡುಗಳು. ಬಾಗಿಲಿಗೆ ಬಳಿದು ಉಳಿದ ಬಣ್ಣ.

"ಎತ್ತಿ ಪಕ್ಕಕ್ಕೆ ಹಾಕೋಣ ಅತ್ತೆ. ನಮ್ಮ ಬಲೆ ಬಿಟ್ಟು ಹೋಗೋಣ," ಎಂದಳು ಕಮ್‌ಶಾತ್.

ಕಲಂಪಿರ್ ಆಗಲೇ ತುಂಬುತೋಳಿನ ಕೋಟಿನೊಳಗಿಂದ ಚೂರಿ ತೆಗೆದಿದ್ದಳು. ಕುರಿ ಕೊಯ್ಯುವ ಚೂರಿ. ದೋಣಿಯ ಅಂಚಿಗೆ ಎದೆಯೊತ್ತಿ ಬಾಗಿ, ಬಲೆಯ ಮೇಲಿನ ಹಗ್ಗ ಹಿಡಿದು ಕರಕರ ಕುಯ್ದಳು. ಬಲೆಯೊಳಗಿನ ಮೀನುಗಳು ಬೆಳ್ಳಗೆ ಹೊರಳಿದವು. "ಅತ್ತೆ, ಬೇಡ!" ಎಂದರೂ ಕೇಳದೆ ಇನ್ನೊಂದು ಕಡೆ ಕುಯ್ದಳು, ಮತ್ತೊಂದು ಕಡೆ ಕುಯ್ದಳು. ತುಂಡಾದ ಬಲೆ ಹಾವಿನ ಪೊರೆಯಂತೆ ನೀರಿನ ಮೇಲೆ ಹರಡಿಕೊಂಡಿತು.

ದಿಬ್ಬದ ಆಚೆಯಿಂದ ಇನ್ನೊಂದು ಮೋಟಾರಿನ ಸದ್ದು ಕೇಳಿದ್ದು ಆಗ.

ಎಸ್ಬೋಲ್ ದೋಣಿಯ ಮುಂದೆ ನಿಂತಿದ್ದ, ಹಿಂದೆ ತಿಲೆಕ್ ಚುಕ್ಕಾಣಿ ಹಿಡಿದಿದ್ದ. ದೂರದಿಂದಲೇ ಎಸ್ಬೋಲ್ ಕೂಗಿದ: "ಏ ಸೊಸೆ! ಗಂಡಸು ಸತ್ತುಹೋದ್ನಾ ಮನೇಲಿ? ಮುದುಕೀನ ಕಟ್ಕೊಂಡು ಬಂದಿದೀಯಾ!" ಹತ್ತಿರವಾದಂತೆ ತುಂಡಾದ ಬಲೆ ಕಂಡು ಅವನ ಮುಖದ ಬಣ್ಣ ಬದಲಾಯಿತು. "ಗುದ್ದೋ!" ಎಂದ ತಮ್ಮನಿಗೆ.

ತಿಲೆಕ್ ವೇಗ ಇಳಿಸಲಿಲ್ಲ. ದೊಡ್ಡ ದೋಣಿ ಚಿಕ್ಕದರ ಪಕ್ಕೆಗೆ ಬಂದು ಅಪ್ಪಳಿಸಿತು. ಹಲಗೆ ಸೀಳಿದ ಸದ್ದಾಯಿತು. ಕಮ್‌ಶಾತ್ ಅಡ್ಡಹಲಗೆಯ ಮೇಲೆ ಬಿದ್ದಳು, ಉಸಿರು ನಿಂತಿತು. ಕಣ್ಣು ಬಿಟ್ಟಾಗ ಎಸ್ಬೋಲ್ ಅವಳ ದೋಣಿಯ ಅಂಚು ಹಿಡಿದು ಮೋಟಾರಿನ ಕಡೆ ಕೈ ಚಾಚುತ್ತಿದ್ದ. ಮೋಟಾರು ಕಿತ್ತು ನೀರಿಗೆ ಹಾಕುವ ಯೋಚನೆ. ಅವಳು ಹುಟ್ಟು ಎತ್ತಿದಳು. ಯೋಚಿಸಿ ಎತ್ತಿದ್ದಲ್ಲ. ಕಚ್ಚಲು ಬಂದ ಗಂಡೊಂಟೆಗೆ ಬೀಸುವಂತೆ ಬೀಸಿದಳು. ಅದು ಅವನ ಹೆಗಲಿಗೂ ಕುತ್ತಿಗೆಗೂ ನಡುವೆ ಬಿತ್ತು. ಅದೇ ಗಳಿಗೆಗೆ ಅಲೆಯೊಂದು ಎರಡೂ ದೋಣಿಗಳನ್ನು ಬಿಡಿಸಿತು. ಅವನ ಕಾಲು ಒಂದರಲ್ಲಿ, ಕೈ ಇನ್ನೊಂದರಲ್ಲಿ. ಕೆಳಗೆ ನೀರು. ತಲೆಕೆಳಗಾಗಿ ಹೋದ.

ತಿಲೆಕ್ ದೋಣಿ ತಿರುಗಿಸಲು ನೋಡಿದ. ಮೋಟಾರು ಕಿರ್ರೆಂದು ನಿಂತುಬಿಟ್ಟಿತು. ತೇಲುತ್ತಿದ್ದ ಬಲೆ ಅದರ ರೆಕ್ಕೆಗೆ ಸುತ್ತಿಕೊಂಡಿತ್ತು. ಗಾಳಿ ಅವನ ದೋಣಿಯನ್ನು ದೂರ ದೂರ ತಳ್ಳತೊಡಗಿತು. "ಅಣ್ಣಾ! ಅಣ್ಣಾ!" ಎಂದು ಕೂಗುತ್ತ ಅವನು ಹುಟ್ಟಿಗಾಗಿ ತಡಕಾಡುತ್ತಿದ್ದ.

ಎಸ್ಬೋಲ್ ಮೇಲೆ ಬಂದ. ಆ ನೀರು ಇನ್ನು ಕೆಲವು ದಿನಕ್ಕೆ ಮಂಜುಗಡ್ಡೆಯಾಗಬೇಕಾದ ನೀರು. ತೊಡೆಯುದ್ದದ ರಬ್ಬರು ಬೂಟುಗಳಿಗೆ ನೀರು ತುಂಬಿ ಅವನನ್ನು ಕೆಳಕ್ಕೆ ಎಳೆಯುತ್ತಿತ್ತು. ಬಾಯಿ ತೆರೆದರೂ ಕೂಗು ಬರಲಿಲ್ಲ. ಕೈ ಚಾಚಿ ಕಮ್‌ಶಾತಳ ದೋಣಿಯ ಅಂಚು ಹಿಡಿದ.

ಠಪ್ ಎಂದು ಸದ್ದಾಯಿತು. ಮೀನಿನ ತಲೆಗೆ ಬಡಿಯುವ ದೊಣ್ಣೆಯಿಂದ ಕಲಂಪಿರ್ ಅವನ ಬೆರಳುಗಳ ಮೇಲೆ ಹೊಡೆದಿದ್ದಳು.

"ಇದು ಮೊಣಕಾಲಿಗೆ," ಎಂದಳು. ಮತ್ತೆ ಹೊಡೆದಳು. "ಇದೂ ಮೊಣಕಾಲಿಗೆ." ಅವನು ಒಂದು ಕೈ ಬಿಟ್ಟು ಇನ್ನೊಂದರಲ್ಲಿ ಹಿಡಿದ. ಅದರ ಮೇಲೂ ಹೊಡೆದಳು. ಮುದುಕಿಯ ಮುಖ ಸಿಟ್ಟಿನಲ್ಲಿರಲಿಲ್ಲ. ಹಿಟ್ಟು ಕುಟ್ಟುವಾಗ ಇರುವಂತೆ ಶಾಂತವಾಗಿತ್ತು.

"ಸಾಕು ಅತ್ತೆ! ಸಾಯ್ತಾನೆ!"

"ಮತ್ತೆ ನಾನೇನು ಚಹಾ ಕೊಡೋಕೆ ಬಂದಿದ್ದಾ?"

ಕಮ್‌ಶಾತ್ ದೊಣ್ಣೆ ಹಿಡಿದಳು. ಕಲಂಪಿರ್ ಬಿಡಲಿಲ್ಲ, ಸೊಸೆಯ ಕೈ ಕಚ್ಚಿದಳು. ಹಲ್ಲು ಚರ್ಮದೊಳಗೆ ಇಳಿಯಿತು. ಅತ್ತೆಯ ಎದುರು ಬೆನ್ನು ತಿರುಗಿಸಿಯೂ ಕೂರದ ಸೊಸೆ, ಇಷ್ಟು ವರ್ಷ ಅವಳಿಗಿಂತ ಮೊದಲು ಅನ್ನದ ತಟ್ಟೆ ಮುಟ್ಟದವಳು, ಮುದುಕಿಯ ಎದೆಗೆ ಎರಡೂ ಕೈಯಿಟ್ಟು ನೂಕಿಬಿಟ್ಟಳು. ಕಲಂಪಿರ್ ಅಡ್ಡಹಲಗೆಯ ಅಂಚಿಗೆ ಬಿದ್ದಳು. ಒಣ ಕಡ್ಡಿ ಮುರಿದಂಥ ಶಬ್ದವೊಂದು ಅವಳ ಪಕ್ಕೆಯಿಂದ ಬಂತು.

ಅಷ್ಟರಲ್ಲಿ ಅಂಚಿನ ಮೇಲಿದ್ದ ಕೈ ಕಾಣೆಯಾಗಿತ್ತು.

"ಎಸ್ಬೋಲ್!" ಎಂದು ಕಮ್‌ಶಾತ್ ಕಿರುಚಿದಳು. ಆ ಹೆಸರು ಅವಳ ಬಾಯಿಂದ ಹೊರಟದ್ದು ಅದೇ ಮೊದಲು. ಕಿರುಚಿದ ಮೇಲೆ ತಾನು ಏನೆಂದೆ ಎಂದು ಅವಳಿಗೆ ತಿಳಿಯಿತು, ಆದರೆ ನಾಚಲು ಹೊತ್ತಿರಲಿಲ್ಲ. ಕಪ್ಪು ಕೂದಲು ನೀರಿನ ಕೆಳಗೆ ಕಂಡಿತು. ಕೂದಲಿಗೇ ಕೈ ಹಾಕಿ ಮೇಲೆತ್ತಿದಳು. ಲಂಗರಿನ ಹಗ್ಗವನ್ನು ಅವನ ಕಂಕುಳ ಕೆಳಗೆ ತೂರಿಸಿ ಗಂಟು ಬಿಗಿದಳು. ಎಳೆದಳು, ಬರಲಿಲ್ಲ. ಬೂಟಿನ ತುಂಬ ನೀರಿದ್ದ ಗಂಡಸು ಸತ್ತ ಎತ್ತಿನಷ್ಟು ಭಾರವಿದ್ದ.

ಆಗ ಅವಳಿಗೆ ನೆನಪಾದದ್ದು ಅಡ್ಡ ಸಿಕ್ಕಿಕೊಂಡ ಮರಿಯನ್ನು ಒಂಟೆಯ ಹೊಟ್ಟೆಯಿಂದ ಎಳೆಯುವ ಬಗೆ. ತಾಯಿ ತಿಣುಕಿದಾಗ ಎಳೆಯಬೇಕು, ಬಿಟ್ಟಾಗ ಬಿಡಬೇಕು. ಅವಳು ಅಂಚಿಗೆ ಪಾದ ಒತ್ತಿ, ಹಗ್ಗ ಸೊಂಟಕ್ಕೆ ಸುತ್ತಿ ಕಾದಳು. ಅಲೆ ಬಂದು ದೋಣಿ ಅವನ ಕಡೆ ವಾಲಿತು, ಸುಮ್ಮನಿದ್ದಳು. ಅಲೆ ದಾಟಿ ದೋಣಿ ಈಚೆ ಎದ್ದಿತು, ಬೆನ್ನು ಹಿಂದಕ್ಕೆ ಎಸೆದಳು. ಎದೆ ಮೇಲೆ ಬಂತು. ಇನ್ನೊಂದು ಅಲೆ, ಹೊಟ್ಟೆ ಬಂತು. ಮತ್ತೊಂದಕ್ಕೆ ಅವನು ನೀರಿನ ಸಮೇತ ಒಳಕ್ಕೆ ಉರುಳಿದ. ಮಗುಚಿ ಬಿದ್ದು ನೀರು ಕಾರತೊಡಗಿದ. ಬಲಗೈಯ ಬೆರಳುಗಳು ಹಿಸುಕಿದ ಖರ್ಜೂರದಂತಿದ್ದವು.

ತಿರುಗಿದರೆ ಕಲಂಪಿರ್ ಪಕ್ಕೆ ಹಿಡಿದುಕೊಂಡು ಮೊಣಕಾಲ ಮೇಲೆ ಎದ್ದಿದ್ದಳು. ಇನ್ನೊಂದು ಕೈಯಲ್ಲಿ ಕುರಿಯ ಚೂರಿ.

"ಪಕ್ಕಕ್ಕೆ ಸರಿ," ಎಂದಳು.

"ಇಲ್ಲ."

"ನಿನ್ನ ಗಂಡನ್ನ ಕುಂಟ ಮಾಡಿದೋನು ಕಣೇ!"

"ಗೊತ್ತು. ಕೊಡಿ ಇಲ್ಲಿ."

ಕಮ್‌ಶಾತ್ ಚೂರಿಯ ಅಲಗನ್ನೇ ಹಿಡಿದಳು. ಅಂಗೈ ಕೊಯ್ದುಕೊಂಡಿತು. ಬಿಡಲಿಲ್ಲ. ಮುದುಕಿಯ ಬೆರಳುಗಳು ಸಡಿಲವಾದವು. ಚೂರಿ ನೀರಿಗೆ ಹೋಯಿತು.

ತಿಲೆಕ್ ಹುಟ್ಟು ಹಾಕುತ್ತ ಬಂದದ್ದನ್ನು ಇಬ್ಬರೂ ಗಮನಿಸಿರಲಿಲ್ಲ. ಅವನಿಗೆ ಕಂಡದ್ದು ರಕ್ತ, ರಕ್ತದ ನಡುವೆ ಬಿದ್ದ ಅಣ್ಣ, ಅಣ್ಣನ ಮೇಲೆ ಬಾಗಿದ ಹೆಂಗಸು. ಕೇಳುವ ಗೋಜಿಗೆ ಹೋಗಲಿಲ್ಲ. ಹುಟ್ಟಿನ ಅಗಲವಾದ ತುದಿಯಿಂದ ಕಮ್‌ಶಾತಳ ಮುಖಕ್ಕೆ ಬೀಸಿದ. ಎಡಗೆನ್ನೆಯೊಳಗೆ ಏನೋ ಕುಸಿಯಿತು. ಆಕಾಶ ಒಂದು ಸುತ್ತು ತಿರುಗಿ ನಿಂತಿತು. ಅವಳು ಬೀಳಲಿಲ್ಲ, ಕೂತಳು. ಕೈಗೆ ಸಿಕ್ಕಿದ್ದು ಲಂಗರು. ಅದನ್ನು ಎತ್ತಿಕೊಂಡೇ ಮತ್ತೆ ಎದ್ದು ನಿಂತಳು.

"ಇನ್ನೊಂದು ಸಲ ಎತ್ತು ಕೈ," ಎಂದಳು. ಬಾಯಲ್ಲಿ ರಕ್ತ ತುಂಬಿ ಮಾತು ಗೊಗ್ಗರವಾಗಿತ್ತು. "ಎತ್ತೋ. ನಿನ್ನಣ್ಣನ ತಲೆ ಇಲ್ಲೇ ಇದೆ."

"ಬಿಡೋ ತಿಲೆಕ್," ಎಂದ ಎಸ್ಬೋಲ್ ದೋಣಿಯ ತಳದಿಂದ. ಹಲ್ಲು ಕಟಕಟ ಎನ್ನುತ್ತಿತ್ತು. "ಇವ್ಳೇ ಎತ್ತಿದ್ದು ನನ್ನ. ಬಿಡು."

ತಿಲೆಕ್ ಹುಟ್ಟು ಇಳಿಸಿದ. ಅವನ ಬಾಯಿ ಅಳುವವನಂತೆ ಸೊಟ್ಟಗಾಯಿತು. ಏನೋ ಹೇಳಲು ನೋಡಿದ.

"ಮಾತು ಬೇಡ. ತಗೊಂಡ್ಹೋಗು ಈ ಹೆಣಾನ, ಹೆಣ ಆಗೋಕೆ ಮುಂಚೆ," ಎಂದಳು ಕಮ್‌ಶಾತ್.

ಎಸ್ಬೋಲ್‌ನನ್ನು ಎಳೆದುಕೊಂಡು, ಮೋಟಾರಿಗೆ ಸುತ್ತಿದ ಬಲೆ ಹರಿದುಹಾಕಿ ಅವರು ಹೋದರು. ಸದ್ದು ದಿಬ್ಬದ ಆಚೆ ಅಡಗಿತು. ಕಮ್‌ಶಾತಳ ಎಡಗಣ್ಣು ಆಗಲೇ ಮುಚ್ಚಿಕೊಂಡಿತ್ತು. ಸೀಳಿದ ಹಲಗೆಯಿಂದ ನೀರು ಒಸರುತ್ತಿತ್ತು. ಕಮ್‌ಶಾತ್ ತಲೆವಸ್ತ್ರ ಬಿಚ್ಚಿ ಸೀಳಿಗೆ ತುರುಕಿದಳು. ಅಂಗೈಗೆ ಬಲೆಯ ದಾರವನ್ನೇ ಸುತ್ತಿಕೊಂಡಳು. ಮನೆಗೆ ಹೋಗಬಹುದಿತ್ತು. ಹೋದರೆ ನಾಳೆ ಮತ್ತೆ ಇದೇ ನೀರಿಗೆ ಬರುವ ಧೈರ್ಯ ತನಗೆ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಬಲೆ ಬಿಡೋದು ಹೆಂಗೆ, ಹೇಳಿ," ಎಂದಳು.

ಅತ್ತೆ ಉಸಿರಿಗೊಮ್ಮೆ ನರಳುತ್ತ, ಕೂತಲ್ಲಿಂದಲೇ ಬಲೆಯ ರಾಶಿಗೆ ಕೈಹಾಕಿ ಬೆಂಡುಗಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ಜಾರಿಸತೊಡಗಿದಳು. ಕಮ್‌ಶಾತ್ ಕಲ್ಲುಗಳನ್ನು ಇಳಿಬಿಟ್ಟಳು. ಕೆಂಪುಮೂತಿಯ ಮರೆಯಲ್ಲಿ ಸಗಿನ್‌ಬಾಯ್‌ನ ಬಲೆ ಬಿತ್ತು. ಹಿಂದಿರುಗುವ ದಾರಿಯುದ್ದಕ್ಕೂ ಮುದುಕಿ ಎಡಕ್ಕೆ ಬಲಕ್ಕೆ ಎಂದು ಕೈ ಮಾತ್ರ ತೋರಿಸಿದಳು.

ದಂಡೆಯಲ್ಲಿ ಅರ್ಧ ಊರು ನಿಂತಿತ್ತು. ಮುಂದೆ ಊರುಗೋಲಿನ ಮೇಲೆ ಸಗಿನ್‌ಬಾಯ್. ಹೆಂಡತಿಯ ಮುಖ ನೋಡಿ ಅವನು ಗಂಟಲು ಹರಿದುಹೋಗುವಂತೆ ಕೂಗಿದ. ಎಸ್ಬೋಲನ ಮನೆಯ ಕಡೆ ಓಡಲು ಹೊರಟು ಕೆಸರಲ್ಲಿ ಬಿದ್ದ. ಎತ್ತಲು ಹೋದವರನ್ನು ಊರುಗೋಲಿನಿಂದ ಹೊಡೆದ.

"ನಿನ್ನ ಹೆಂಡ್ತಿ ನನ್ನ ಪಕ್ಕೆಲುಬು ಮುರಿದ್ಳು," ಎಂದಳು ಕಲಂಪಿರ್, ಎಲ್ಲರಿಗೂ ಕೇಳುವಂತೆ. "ನಿನ್ನ ಹಗೇನ ನೀರಿಂದ ಎತ್ತಿದ್ಳು."

ಸಗಿನ್‌ಬಾಯ್ ಕೆಸರಲ್ಲಿ ಕೂತೇ ಕಮ್‌ಶಾತಳ ಕಡೆ ನೋಡಿದ. "ಯಾಕೆ ಎತ್ತಿದೆ?"

ಅವಳು ಯೋಚಿಸಿದಳು. ನಿಜವಾಗಿ ಯೋಚಿಸಿದಳು. "ಗೊತ್ತಿಲ್ಲ," ಎಂದಳು. "ಕೈಗೆ ಕೂದಲು ಸಿಕ್ತು. ಎಳೆದೆ."

ಆ ಉತ್ತರ ಅವನಿಗೆ ಸಾಲಲಿಲ್ಲ. ಆ ಚಳಿಗಾಲವಿಡೀ ಗಂಡ ಅವಳೊಡನೆ ಮಾತಾಡಲಿಲ್ಲ. ಆದರೆ ಮಾರನೆಯ ದಿನ ಅವಳು ಬಲೆ ಎತ್ತಲು ಹೊರಟಾಗ ಸೀಳಿದ ಹಲಗೆಗೆ ಹೊಸ ಪಟ್ಟಿ ಬಡಿದಿತ್ತು, ಡಾಂಬರು ಇನ್ನೂ ಬಿಸಿಯಾಗಿತ್ತು. ಒಬ್ಬಳೇ ಹೋದಳು. ಒಂದೇ ಕಣ್ಣಲ್ಲಿ ಅಲೆ ಎಷ್ಟು ದೂರವೆಂದು ತಿಳಿಯದೆ ಎರಡು ಸಲ ತೋಯ್ದಳು. ಬಲೆಯಲ್ಲಿ ಮೀನು ತುಂಬಿತ್ತು. ಬೇಡವೆನಿಸುವಷ್ಟು ತುಂಬಿತ್ತು. ಒಂದೊಂದರ ತಲೆಗೂ ಅದೇ ದೊಣ್ಣೆಯಿಂದ ಬಡಿಯಬೇಕಾಯಿತು. ಮೊದಲಿನ ಕೆಲವನ್ನು ಬೇರೆ ಕಡೆ ನೋಡುತ್ತ ಬಡಿದಳು, ಆಮೇಲೆ ನೋಡಿಯೇ ಬಡಿದಳು.

ಎಸ್ಬೋಲನ ಎರಡು ಬೆರಳುಗಳನ್ನು ಪಟ್ಟಣದ ಆಸ್ಪತ್ರೆಯಲ್ಲಿ ತೆಗೆದುಹಾಕಿದರು. ಅವನ ಹೆಂಡತಿ ಬೇಯಿಸಿದ ಕುರಿಮಾಂಸದ ಹರಿವಾಣ ಹಿಡಿದು ಬಂದಳು. ಕಲಂಪಿರ್ ಹಾಸಿಗೆಯಿಂದೆದ್ದು, ಪಕ್ಕೆ ಒತ್ತಿಕೊಂಡು, ಹರಿವಾಣವನ್ನು ಬಾಗಿಲಲ್ಲೇ ಇಸಿದುಕೊಂಡು ನಾಯಿಗೆ ಸುರಿದಳು. ಕೆಂಪುಮೂತಿಗೆ ಮತ್ತೆ ನೀಲಿ ಬೆಂಡು ಬರಲಿಲ್ಲ. ಸಲಾಮೂ ಇರಲಿಲ್ಲ. ದಾರಿಯಲ್ಲಿ ಎದುರಾದರೆ ಎಸ್ಬೋಲ್ ತಲೆ ತಗ್ಗಿಸಿ ಬೇಲಿಯ ಆಚೆಯಿಂದ ಹೋಗುತ್ತಿದ್ದ. ಹೆಂಗಸು ಎತ್ತಿದ ಮೀನು ಎಂದು ಊರ ಗಂಡಸರು ಅವನಿಗೆ ಅಡ್ಡಹೆಸರಿಟ್ಟಿದ್ದರು. ಹಾಗೆ ಕರೆದವನೊಬ್ಬನ ಹಲ್ಲು ತಿಲೆಕ್ ಉದುರಿಸಿದ.

ಕಮ್‌ಶಾತಳ ಕೆನ್ನೆ ತಗ್ಗಾಗಿಯೇ ಉಳಿಯಿತು. ಚಳಿ ಬಿದ್ದರೆ ಕಣ್ಣಿನ ಕೆಳಗೆ ಸೂಜಿ ಆಡಿಸಿದಂತಾಗುತ್ತಿತ್ತು. ದೋಣಿ ಅವಳದೇ ಆಯಿತು. ಬಲೆ ಹೆಣೆಯುವುದು ಸಗಿನ್‌ಬಾಯ್, ಹಾಕುವುದು ಅವಳು. ಅತ್ತೆ ಸೊಸೆ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಮೂರು ಚಳಿಗಾಲ ಕಳೆದರು. ಗಾಳಿ ಯಾವ ಕಡೆ, ಯಾವಾಗ ಹೊರಡಬೇಕು ಎಂದು ಕಲಂಪಿರ್ ದಿನಾ ಹೇಳುತ್ತಿದ್ದಳು. ಕಮ್‌ಶಾತ್ ಕೇಳುತ್ತಿದ್ದಳು. ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ, ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಮುದುಕಿ ಹೇಳಿದಳು: "ನೀನು ನೂಕಿದ್ದಕ್ಕೆ ಸಿಟ್ಟಿಲ್ಲ. ಅವನ್ನ ಎತ್ತಿದ್ದಕ್ಕೆ ಇದೆ. ಸತ್ರೂ ಇರುತ್ತೆ."

"ಇರ್ಲಿ," ಎಂದಳು ಕಮ್‌ಶಾತ್. ತಿಕ್ಕುವುದು ನಿಲ್ಲಿಸಲಿಲ್ಲ.

ಕಲಂಪಿರ್ ಸತ್ತದ್ದು ಮಂಜು ಕರಗುವ ಹೊತ್ತಿನಲ್ಲಿ. ಕುಲದ ಗಂಡಸರೆಲ್ಲ ಬರಲೇಬೇಕಾದ ದಿನ ಅದು. ರೂಢಿಯಂತೆ ಅಂಗಳದಿಂದಲೇ ಗೋಳಿಡುತ್ತ ಓಡಿ ಬಂದರು. ಎಸ್ಬೋಲ್ ಕೂಡ ಬಂದ, "ನನ್ನ ತಾಯೇ!" ಎಂದು ಕೂಗುತ್ತ. ಸಗಿನ್‌ಬಾಯ್ ಊರುಗೋಲು ಗೋಡೆಗೆ ಒರಗಿಸಿ, ರೂಢಿಯಂತೆಯೇ ಅವನನ್ನು ತಬ್ಬಿಕೊಂಡ. ತಬ್ಬಿ ಬಿಟ್ಟವನೇ ಕುಂಟುತ್ತ ಮನೆಯ ಹಿಂದೆ ಹೋಗಿ ವಾಂತಿ ಮಾಡಿದ. ಎಸ್ಬೋಲ್ ಗೋರಿ ತೋಡಲು ಹೋದ. ಮೂರು ಬೆರಳಲ್ಲಿ ಸಲಿಕೆ ಹಿಡಿದು, ಬೇರೆಯವರು ಕೇಳಿದರೂ ಕೊಡದೆ, ಹೆಪ್ಪುಗಟ್ಟಿದ ನೆಲ ಅಗೆದನಂತೆ.

ಮಣ್ಣು ಮಾಡಿ ಬಂದವರಿಗೆ ಕಮ್‌ಶಾತ್ ಚಹಾ ಕೊಡುತ್ತಿದ್ದಳು. ಎಲ್ಲರಿಗೂ ಬಟ್ಟಲಿನ ತಳದಲ್ಲಿ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕೇಳಿ ಕುಡಿಯುವಂತೆ, ಕೂತಿರಿ ಎನ್ನುವಂತೆ. ಎಸ್ಬೋಲನ ಸರದಿ ಬಂತು. ಅವನು ತಲೆ ಎತ್ತಲಿಲ್ಲ. "ಸೊಸೆ," ಎಂದಷ್ಟೇ ಅಂದು ಬಟ್ಟಲು ಚಾಚಿದ. ಅವನ ಗಂಟಲಲ್ಲಿ ಇನ್ನೂ ಒಂದು ಮಾತಿತ್ತು. ಅದು ಹೊರಬರುವುದನ್ನು ಅವಳು ಕಾಯಲಿಲ್ಲ. ಬಟ್ಟಲನ್ನು ಕಂಠಮಟ್ಟ ತುಂಬಿ ಕೊಟ್ಟಳು. ತುಂಬಿದ ಬಟ್ಟಲು ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ. ಸುತ್ತ ಕೂತವರೆಲ್ಲ ನೋಡಿದರು. ಎಸ್ಬೋಲ್ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಬಾಯಿ ಸುಡುತ್ತಿದ್ದರೂ ನಿಲ್ಲಿಸದೆ ಕುಡಿದು ಮುಗಿಸಿದ. ಬಟ್ಟಲನ್ನು ಮೆಲ್ಲಗೆ ಬೋರಲಿಟ್ಟ. ಎದ್ದು ಹೋದ.